ಮಗುವಿಗೆ ಗೊತ್ತಿರುವ ಇಪ್ಪತ್ತು ಮಾತು

ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ ಕೇರಳದ ಕಾಸರಗೋಡಿನಲ್ಲಿ ಶಾಲೆ ಸಿಗುತ್ತದಾ ಅಂತ ಕೆಲವರು ಕೇಳುತ್ತಾರೆ. ಸಿಗುತ್ತದೆ. ಈ ವಿಷಯದಲ್ಲಿ ನಮ್ಮ ಜಿಲ್ಲೆ ನೋವು ತಿಂದು ಕಲಿತಿದೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ತೋಟಗಳಿರುವ ಎಣ್ಮಕಜೆ ಕಡೆ ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಏಳಲಾಗದೆ ಚಾಪೆಯಲ್ಲೇ ಮಲಗಿರುವುದನ್ನು ನೋಡುತ್ತಾ ಬೆಳೆದವರು ನಾವು.

ಇಲ್ಲಿ ಇಂಥ ಮಕ್ಕಳಿಗೆ ಬಡ್ಸ್ ಶಾಲೆಗಳಿವೆ. ಪಂಚಾಯತು ನಡೆಸುತ್ತದೆ, ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಕುಟುಂಬಶ್ರೀ ಜೊತೆಗಿರುತ್ತದೆ. ಮಗುವನ್ನು ಹೊರಗೆ ಕರೆದುಕೊಂಡು ಹೋಗಲು ಆಗುವುದೇ ಇಲ್ಲ ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಕೇಳಿ, ಮನೆಗೇ ಬಂದು ಕಲಿಸುವ ಟೀಚರ್ ಇರುತ್ತಾರೆ.

ಆದರೆ ನಮಗೆ ಕಷ್ಟವಾದದ್ದು ಭಾಷೆ. ನನ್ನ ತಂಗಿಯ ಮಗನಿಗೆ ಈಗ 9 ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತದಲ್ಲಿರುವುದಿಲ್ಲ, ಜೊತೆಗೆ ಕಣ್ಣು ಮಂದ. ಕಿವಿ ಮಾತ್ರ ಚುರುಕು. ಅವನಿಗೆ ಅರ್ಥವಾಗುವುದು ಇಪ್ಪತ್ತು ಮಾತು ಇರಬಹುದು, ಎಲ್ಲವೂ ಮನೆಯ ತುಳು, ಕನ್ನಡ. ಮೊದಲ ಸಲ ಒಂದು ಕಡೆ ತೋರಿಸಲು ಹೋದಾಗ ಅಲ್ಲಿಯ ಟೀಚರ್ ಪ್ರೀತಿಯಿಂದಲೇ ‘ವೆಳ್ಳಂ ವೇಣೋ?’ ಅಂದರು. ಮಲಯಾಳದಲ್ಲಿ ವೆಳ್ಳಂ ಅಂದರೆ ನೀರು. ಅವನಿಗೆ ಕೇಳಿಸಿದ್ದು ಬೆಲ್ಲ. ಬಾಯಿ ತೆರೆದು ನಾಲಿಗೆ ಚಾಚಿದ. ನೀರಿನ ಲೋಟ ತಾಗಿಸಿದ ಕೂಡಲೇ ಮುಖ ತಿರುಗಿಸಿ ಅಳತೊಡಗಿದ. ‘ಹೇಳಿದ್ದು ತಿಳಿಯುವುದಿಲ್ಲ’ ಅಂತ ಬರೆದುಕೊಂಡರು. ತಂಗಿ ಬಸ್ಸಿನಲ್ಲಿ ಪೆರ್ಲದವರೆಗೂ ಮಾತಾಡಲಿಲ್ಲ.

ಮಾತು ಬರುವ ಮಕ್ಕಳು ಎರಡು ತಿಂಗಳಲ್ಲಿ ಮಲಯಾಳ ಕಲಿತುಬಿಡುತ್ತಾರೆ. ಇವನಿಗೆ ಒಂದೊಂದು ಪದಕ್ಕೂ ವರ್ಷ ಹಿಡಿದಿದೆ ಅಲ್ವಾ, ಅದನ್ನು ಬಿಟ್ಟು ಹೊಸದು ಕಲಿ ಅನ್ನುವುದು ಹೇಗೆ? ಅದಕ್ಕೇ ಹೇಳುವುದು, ಕಟ್ಟಡ ನೋಡುವ ಮೊದಲು ಅಲ್ಲಿಯ ಆಯಾ ಯಾವ ಭಾಷೆ ಆಡುತ್ತಾರೆ ಅಂತ ಕೇಳಿ. ಊಟ ಮಾಡಿಸುವುದು, ಬಟ್ಟೆ ಬದಲಿಸುವುದು ಅವರೇ.

ತುಂಬ ಮನೆಯವರು ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಒಳ್ಳೆಯ ವಿಶೇಷ ಶಾಲೆಗಳಿವೆ, ಭಾಷೆಯೂ ನಮ್ಮದೇ. ಆದರೆ ಪಿಂಚಣಿ, ಆರೈಕೆ ಮಾಡುವವರಿಗೆ ಕೊಡುವ ಆಶ್ವಾಸಕಿರಣಂ ಸಹಾಯಧನ ಎಲ್ಲ ಕೇರಳದ್ದು. 2020ರಲ್ಲಿ ಕೊರೊನಾ ಸಮಯದಲ್ಲಿ ರಾಜ್ಯದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಸ್ಪತ್ರೆಗೂ ದಾಟಲಾಗದೆ ಜನ ನರಳಿದ್ದನ್ನು ನಾವು ಮರೆತಿಲ್ಲ. ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಒಂದನ್ನು ಬೇಗ ಮಾಡಿಸಿ, ಅದು ದೇಶದಲ್ಲೆಲ್ಲ ನಡೆಯುತ್ತದೆ. ಇಂಥವರಿಗಾಗಿ ಕೇಂದ್ರ ಸರಕಾರದ್ದೇ ಆದ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಈಗ ಅವನು ಹೋಗುವ ಶಾಲೆಯ ಟೀಚರಿಗೂ ತುಳು ಬರುವುದಿಲ್ಲ. ತಂಗಿ ಅವನ ಇಪ್ಪತ್ತು ಮಾತನ್ನೂ ಮಲಯಾಳ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ಅರ್ಥ ಹಾಕಿಸಿ ಕೊಟ್ಟಳು. ಅವರು ಅದನ್ನು ಅವನ ಕುರ್ಚಿಯ ಹಿಂದಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಮೊದಲನೆಯದು ‘ನೀರ್’.