ಬಡತನದ ವ್ರತ ಮತ್ತು ಚಿನ್ನದ ಅಕ್ಷರ

ಮಾನ್ಯರೇ,

ಮಧ್ಯಯುಗದ ಕೊನೆಯ ಶತಮಾನಗಳ ಜರ್ಮನ್ ಧಾರ್ಮಿಕ ಹಸ್ತಪ್ರತಿಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಬಡತನದ ವ್ರತ ತೊಟ್ಟ ಸನ್ಯಾಸಿನಿಯರು ಪುಟದ ಮೊದಲ ಅಕ್ಷರಕ್ಕೆ ಚಿನ್ನ ಹಚ್ಚಿದ್ದು ವ್ರತಭಂಗವಲ್ಲವೇ ಎಂಬುದು ಒಂದು. ಅಚ್ಚಿನ ಯಂತ್ರ ಬಂದೊಡನೆ ಅಳಿದುಹೋದ ಅಲಂಕಾರಕ್ಕೆ ಅಷ್ಟು ಪುಟಗಳನ್ನು ಮೀಸಲಿಡಬೇಕಿತ್ತೇ ಎಂಬುದು ಇನ್ನೊಂದು.

ಮೊದಲ ಆಕ್ಷೇಪ ಹಳೆಯದು, ತೂಕವುಳ್ಳದ್ದು. ಅಕ್ಷರಗಳು ಒಂದೇ ಬಣ್ಣದಲ್ಲಿರಬೇಕು, ಅವುಗಳಲ್ಲಿ ಚಿತ್ರ ಬರೆಯಕೂಡದು ಎಂದು ಸರಳ ಬದುಕಿಗೆ ಒತ್ತು ಕೊಟ್ಟ ಕ್ರೈಸ್ತ ಸನ್ಯಾಸಿಗಳ ಸಿಸ್ಟರ್ಷಿಯನ್ ಸಂಘವೇ 12ನೆಯ ಶತಮಾನದಲ್ಲಿ ಕಟ್ಟಳೆ ಮಾಡಿತ್ತು. ಆದರೆ ಅದೇ ಪರಂಪರೆಯ, ಓಸ್ನಾಬ್ರುಕ್ ಬಳಿಯ ರುಲ್ಲೆ ಕನ್ಯಾಮಠದಲ್ಲಿ 1300ರ ಸುಮಾರಿಗೆ ಸಿದ್ಧವಾದ ಗಾನಗ್ರಂಥವನ್ನು ನೋಡಿದರೆ ಕಟ್ಟಳೆಯ ಬಿಗಿ ಅಷ್ಟರಲ್ಲಿ ಎಷ್ಟು ಸಡಿಲಗೊಂಡಿತ್ತೆಂಬುದು ತಿಳಿಯುತ್ತದೆ. ಗೀಸೆಲಾ ಫಾನ್ ಕೆರ್ಸೆನ್‌ಬ್ರೋಕ್ ಎಂಬ ಸನ್ಯಾಸಿನಿ ಇದನ್ನು ಬರೆದು, ಸ್ವರಚಿಹ್ನೆ ಹಾಕಿ, ಚಿನ್ನದ ಅಕ್ಷರಗಳಿಂದಲೂ ಚಿತ್ರಗಳಿಂದಲೂ ಸಿಂಗರಿಸಿದರೆಂದು ಗ್ರಂಥದಲ್ಲೇ ಲ್ಯಾಟಿನ್ ಒಕ್ಕಣೆಯಿದೆ. ಕ್ರಿಸ್‌ಮಸ್ ಬಲಿಪೂಜೆಯ ಪ್ರವೇಶಗೀತೆಯ ದೊಡ್ಡ ‘ಪಿ’ ಅಕ್ಷರದೊಳಗೆ ಯೇಸುವಿನ ಜನನದ ಚಿತ್ರವಿದೆ. ಅದರ ಕೆಳಗೆ ಹಾಡುತ್ತಿರುವ ಸನ್ಯಾಸಿನಿಯರ ಗುಂಪು, ಅವರಲ್ಲೊಬ್ಬರ ಪಕ್ಕದಲ್ಲಿ ‘ಗೀಸೆಲಾ’ ಎಂಬ ಹೆಸರು. ಇದನ್ನು ಆತ್ಮಪ್ರಶಂಸೆ ಎನ್ನಲು ನನಗೆ ಮನಸ್ಸಾಗದು. ಆ ಪುಟ ತೆರೆದು ಹಾಡುವವರು ತೀರಿಕೊಂಡ ಸಹೋದರಿಗಾಗಿಯೂ ಪ್ರಾರ್ಥಿಸಲಿ ಎಂಬ ಕೋರಿಕೆಯೇ ಅಲ್ಲಿ ನನಗೆ ಕಾಣುವುದು.

ಚಿನ್ನದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಅಂಟಿನ ತಳದ ಮೇಲೆ ಉಸಿರಿಗೂ ಹಾರುವಷ್ಟು ತೆಳುವಾದ ರೇಕನ್ನು ಕೂರಿಸಿ, ನುಣುಪಾದ ಕಲ್ಲಿನಿಂದಲೋ ನಾಯಿಯ ಹಲ್ಲಿನಿಂದಲೋ ತಿಕ್ಕಿ ಹೊಳಪು ಬರಿಸಿ, ಆಮೇಲಷ್ಟೇ ಸುತ್ತ ಬಣ್ಣ ತುಂಬುತ್ತಿದ್ದರು. ಕಣ್ಣಿಗೆ ಕಾಣುವಷ್ಟು ಚಿನ್ನ ತಕ್ಕಡಿಗೆ ಸಿಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಆ ಅಕ್ಷರ ಮಾಡುತ್ತಿದ್ದ ಕೆಲಸ. ಒಂದೇ ಗ್ರಂಥವನ್ನು ಹಲವರು ನೋಡಿ ಹಾಡಬೇಕು, ಸಾಲುಗಳು ಒತ್ತೊತ್ತಾಗಿವೆ, ಮೇಣದ ಬತ್ತಿಯ ಬೆಳಕಿನಲ್ಲಿ ಇಂದಿನ ಪಾಠ ಎಲ್ಲಿ ಆರಂಭವಾಗುತ್ತದೆಂದು ಕಣ್ಣಿಗೆ ತಟ್ಟನೆ ಸಿಗಬೇಕು. ಆದ್ದರಿಂದ ಸಾಮಾನ್ಯ ವಚನಗಳಿಗೆ ಸರದಿಯಂತೆ ಕೆಂಪು, ನೀಲಿಯ ಸರಳ ಅಕ್ಷರಗಳು, ಅದಕ್ಕಿಂತ ಮೇಲಿನ ವಿಭಾಗಕ್ಕೆ ಲೇಖನಿಯ ಸಣ್ಣ ಬಳ್ಳಿಗೆರೆಗಳುಳ್ಳ ಅಕ್ಷರ, ಮಹಾಹಬ್ಬಗಳಿಗೆ ಚಿನ್ನವೂ ಚಿತ್ರವೂ ಇರುವ ಅಕ್ಷರ ಎಂಬ ಶ್ರೇಣಿ ಬೆಳೆಯಿತು. ಲ್ಯೂನೆಬುರ್ಗ್ ಸಮೀಪದ ಮೇಡಿಂಗನ್ ಕನ್ಯಾಮಠದವರು, 1479ರ ಮಠಸುಧಾರಣೆಯ ನಂತರ, ತಮಗೂ ನಗರದ ಗೃಹಿಣಿಯರಿಗೂ ಲ್ಯಾಟಿನ್ ಮತ್ತು ಲೋ ಜರ್ಮನ್ (ಉತ್ತರ ಜರ್ಮನಿಯ ನುಡಿ) ನುಡಿಗಳಲ್ಲಿ ಬರೆದ ಕೈಹೊತ್ತಗೆಗಳಲ್ಲಿಯೂ ಚಿನ್ನದ ಅಕ್ಷರಗಳಿವೆ. ಅಲ್ಲಿ ಸುಧಾರಣೆಯೆಂದರೆ ನಿಯಮ ಬಿಗಿಯಾಗುವುದು. ಹಾಗೆ ಬಿಗಿಯಾದ ಮೇಲೂ ಬಣ್ಣ ನಿಲ್ಲಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

ಇನ್ನು ಅಚ್ಚಿನ ಮಾತು. ಯೂರೋಪಿನಲ್ಲಿ ಬಿಡಿ ಅಚ್ಚುಮೊಳೆಗಳಿಂದ ಮುದ್ರಣವಾದ ಮೊದಲ ದೊಡ್ಡ ಪುಸ್ತಕವಾದ ಗುಟೆನ್‌ಬರ್ಗ್ ಬೈಬಲ್ಲಿನಲ್ಲಿ ದೊಡ್ಡ ಅಕ್ಷರಗಳ ಜಾಗವನ್ನು ಖಾಲಿ ಬಿಟ್ಟು, ಅಲಂಕಾರವನ್ನು ಕೊಂಡವರ ಪಾಲಿಗೆ ಬಿಡಲಾಗಿತ್ತು. ಈಗ ಪ್ಯಾರಿಸ್ಸಿನಲ್ಲಿರುವ ಒಂದು ಪ್ರತಿಯಲ್ಲಿ, ಮೈನ್ಸ್ ನಗರದ ಸಂತ ಸ್ಟೀಫನ್ ಚರ್ಚಿನ ಹೈನ್ರಿಷ್ ಕ್ರೇಮರ್ ಎಂಬ ಪಾದ್ರಿ ತಾನು ಆ ಕೆಲಸವನ್ನು 1456ರ ಆಗಸ್ಟ್‌ನಲ್ಲಿ ಮುಗಿಸಿದ್ದಾಗಿ ಬರೆದಿಟ್ಟಿದ್ದಾನೆ. ಗ್ಯೋಟಿಂಗನ್ ಗ್ರಂಥಾಲಯದಲ್ಲಿರುವ, 1450ರ ಸುಮಾರಿನ ಪುಟ್ಟ ಮಾದರಿ ಪುಸ್ತಕವೊಂದು ಎಲೆಯ ಸುರುಳಿಯನ್ನು ಹೇಗೆ ಬರೆಯಬೇಕು, ಯಾವ ಬಣ್ಣದ ಮೇಲೆ ಯಾವ ಬಣ್ಣ ಬರಬೇಕು ಎಂಬುದನ್ನು ಹಂತಹಂತವಾಗಿ ಜರ್ಮನ್‌ನಲ್ಲಿಯೇ ಕಲಿಸುತ್ತದೆ. ಅದೇ ಗ್ರಂಥಾಲಯದ ಗುಟೆನ್‌ಬರ್ಗ್ ಬೈಬಲ್ಲಿನ ಅಲಂಕಾರ ಈ ಮಾದರಿಗಳಿಗೆ ಹೊಂದುತ್ತದೆ. ಅಂದರೆ ಆರಂಭದಲ್ಲಿ ಅಚ್ಚು ಬಣ್ಣಗಾರರ ಕೆಲಸವನ್ನು ಕಸಿಯುವ ಬದಲು ಹೊಸದಾಗಿ ಒದಗಿಸಿತು. ಪೈಪೋಟಿ ಬಂದದ್ದು 1457ರಲ್ಲಿ, ಫುಸ್ಟ್ ಮತ್ತು ಷ್ಯೋಫರ್ ಎಂಬ ಮುದ್ರಕರು ಮೈನ್ಸ್‌ನಲ್ಲಿ ಕೀರ್ತನೆಗಳ ಪುಸ್ತಕವನ್ನು ಹೊರತಂದು, ಕೆಂಪು-ನೀಲಿಯ ಬಳ್ಳಿ ಅಕ್ಷರಗಳನ್ನೂ ಯಂತ್ರದಲ್ಲಿಯೇ ಮೂಡಿಸಿದಾಗ. ಕೈಬರಹ ಮಾಡುತ್ತಿದ್ದುದನ್ನೆಲ್ಲ ತಮ್ಮ ಯಂತ್ರವೂ ಮಾಡಬಲ್ಲದೆಂದು ತೋರಿಸುವ ಹಟ ಅವರದು. ಆ ಪುಸ್ತಕದ ಸಮಾಪ್ತಿವಾಕ್ಯ, ಲೇಖನಿ ಮುಟ್ಟದೆ ಅಕ್ಷರ ಮೂಡಿಸಿದ ಹೊಸ ವಿದ್ಯೆಯನ್ನು ಹೊಗಳಿಕೊಳ್ಳುವ ಮೊದಲೇ, ದೊಡ್ಡಕ್ಷರಗಳ ಸೊಬಗನ್ನೂ ವಿಭಾಗಗಳನ್ನು ಬೇರ್ಪಡಿಸುವ ಕೆಂಪು ಬರಹವನ್ನೂ ಹೆಸರಿಸುತ್ತದೆ.

— ಸಂಪಾದಕ