ನುಂಗು ಅಂತ ಕಣಕ್ಕೆ ಹೇಳುವವರು ಯಾರು?

ಪ್ರಶ್ನೆ: ತಮ್ಮನಿಗೆ ಐಟಿಪಿ (ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ) ಇದೆ. ಪ್ಲೇಟ್‌ಲೆಟ್‌ಗಳಿಗೆ ಆಂಟಿಬಾಡಿ ಅಂಟಿಕೊಂಡಿದೆ, ಹಾಗಾಗಿ ಗುಲ್ಮದ ಮ್ಯಾಕ್ರೋಫೇಜ್ ಎಂಬ ನುಂಗುವ ಕಣಗಳು ಅವನ್ನು ನುಂಗುತ್ತಿವೆ ಎಂದರು ಡಾಕ್ಟರು. ಆದರೆ ಆಂಟಿಬಾಡಿ ಎಲ್ಲರ ರಕ್ತದಲ್ಲೂ ಇರುತ್ತೆ ಅಲ್ವಾ? ಆ ಕಣಗಳು ಸುಮ್ನೆ ಇರುವುದು ಯಾವಾಗ, ನುಂಗುವುದು ಯಾವಾಗ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಒಂದು ಮಿಲಿಲೀಟರ್ ಸೀರಮ್‌ನಲ್ಲಿ ಸುಮಾರು 10 ಮಿಲಿಗ್ರಾಂ ಐಜಿಜಿ ಎಂಬ ಬಗೆಯ ಆಂಟಿಬಾಡಿ ಇರುತ್ತದೆ. ಅದು ಮ್ಯಾಕ್ರೋಫೇಜ್‌ನ ಮೈಮೇಲೆ ಆಂಟಿಬಾಡಿಯನ್ನು ಹಿಡಿಯುವ ರಿಸೆಪ್ಟರ್‌ಗಳಿಗೆ ಹಗಲೂ ರಾತ್ರಿ ತಾಗುತ್ತಲೇ ಇರುತ್ತದೆ. ಒಂಟಿ ಆಂಟಿಬಾಡಿ ತಾಗಿದರೆ ಕಣ ಕ್ಯಾರೇ ಅನ್ನುವುದಿಲ್ಲ. ಬ್ಯಾಕ್ಟೀರಿಯಾದ ಮೈತುಂಬ ಆಂಟಿಬಾಡಿಗಳು ಕೂತು ಬಾಲವನ್ನು ಹೊರಕ್ಕೆ ಚಾಚಿದರೆ ಕತೆ ಬೇರೆ. ಆಗ ಆ ಬಾಲಗಳನ್ನು ಹಿಡಿದು ಹಲವು ರಿಸೆಪ್ಟರ್‌ಗಳು ಒಂದೇ ಕಡೆ ಬಂದು ಸೇರುತ್ತವೆ.

ಸೇರಿದರೆ ಏನಾಯ್ತು? ಕಣದ ಒಳಗೆ, ರಿಸೆಪ್ಟರ್‌ನ ತುದಿಯಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ ಇದೆ. ಕೆಲವು ಕಿಣ್ವಗಳು ಅದಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಸಿಡಿ45 ಎಂಬ ಇನ್ನೊಂದು ಕಿಣ್ವ ಕಿತ್ತುಹಾಕುತ್ತದೆ. ಮಾಮೂಲಿಯಾಗಿ ಕೀಳುವ ಕೈಯೇ ಮೇಲು. ಆದರೆ ಸಿಡಿ45 ಎತ್ತರದ ಪ್ರೋಟೀನು. ಬ್ಯಾಕ್ಟೀರಿಯಾ ಬಿಗಿಯಾಗಿ ಒತ್ತಿಕೊಂಡ ಜಾಗದಲ್ಲಿ ಅದು ಹಿಡಿಸುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಫಾಸ್ಫೇಟ್ ಉಳಿಯುತ್ತದೆ. ಅಲ್ಲಿಗೆ ಸಿಕ್ ಎಂಬ ಕಿಣ್ವ ಬಂದು ಕೂತಿತೆಂದರೆ ಅಪ್ಪಣೆ ಸಿಕ್ಕ ಹಾಗೆಯೇ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆದು ಕಣದ ಪೊರೆಯನ್ನು ಒಳಗಿನಿಂದ ತಳ್ಳುತ್ತವೆ. ಪೊರೆ ಸುತ್ತಲಿಂದ ಎದ್ದು ಬ್ಯಾಕ್ಟೀರಿಯಾವನ್ನು ಮುಚ್ಚಿಬಿಡುತ್ತದೆ.

ಒಂದು ಹಳೆಯ ಪ್ರಯೋಗವನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 1976ರಲ್ಲಿ ಫ್ರಾಂಕ್ ಗ್ರಿಫಿನ್, ಸ್ಯಾಮ್ಯುಯೆಲ್ ಸಿಲ್ವರ್‌ಸ್ಟೀನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಮೈತುಂಬ ಆಂಟಿಬಾಡಿ ಇದ್ದಾಗ ಮ್ಯಾಕ್ರೋಫೇಜ್ ಅವನ್ನು ನುಂಗಿತು. ಅದೇ ಆಂಟಿಬಾಡಿಯನ್ನು ಒಂದೇ ಬದಿಗೆ ಸರಿಸಿಟ್ಟಾಗ ಹಿಡಿದುಕೊಂಡಿತು, ನುಂಗಲಿಲ್ಲ. ಪೊರೆ ಆಂಟಿಬಾಡಿ ಇದ್ದಷ್ಟು ದೂರ ಹೋಗಿ ನಿಂತಿತು. ಜಿಪ್ ಎಳೆದ ಹಾಗೆ ಇದು, ಮುಂದಿನ ಹಲ್ಲು ಸಿಗದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಚೆಂದದ ಪುರಾವೆ! ಕಣ ಒಮ್ಮೆ ತೀರ್ಮಾನಿಸಿ ಗಬಕ್ಕನೆ ನುಂಗುವುದಿಲ್ಲ, ಹೆಜ್ಜೆಹೆಜ್ಜೆಗೂ ಸಂಕೇತ ಬೇಕು.

ನಿಮ್ಮ ಕಾಲೇಜಿನಲ್ಲಿ ಕೀವಿನ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾ ಗುರುತಿಸಲು ಬಣ್ಣ ಹಾಕಿದ) ಸ್ಲೈಡ್ ಇದ್ದರೆ ಆಯಿಲ್ ಲೆನ್ಸ್‌ನಲ್ಲಿ ನೋಡಿ. ನುಂಗುವ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ನ್ಯೂಟ್ರೊಫಿಲ್‌ನ ನ್ಯೂಕ್ಲಿಯಸ್ಸಿನ ಗುಲಾಬಿ ಹಾಲೆಗಳ ಪಕ್ಕದಲ್ಲೇ, ಕಣದ ಒಳಗೆ, ನೇರಳೆ ಚುಕ್ಕಿಗಳು ಕಾಣಬಹುದು. ಅವು ನುಂಗಿದ ಬ್ಯಾಕ್ಟೀರಿಯಾ, ಹಲವು ಸಲ ಸ್ಟ್ಯಾಫಿಲೊಕಾಕಸ್.

ಇನ್ನು ತಮ್ಮನ ವಿಷಯ. ಐಟಿಪಿಯಲ್ಲಿ ಆಂಟಿಬಾಡಿ ತಪ್ಪಾಗಿ ನಮ್ಮದೇ ಪ್ಲೇಟ್‌ಲೆಟ್ ಮೇಲೆ ಕೂರುತ್ತದೆ. ಮ್ಯಾಕ್ರೋಫೇಜ್ ತನಗೆ ಬಂದ ಸಂಕೇತವನ್ನು ಪಾಲಿಸುತ್ತದೆ, ಅಷ್ಟೆ. ಈ ಸಂಕೇತವನ್ನೇ ತಡೆಯಲು ಫೋಸ್ಟಮ್ಯಾಟಿನಿಬ್ ಎಂಬ ಔಷಧ ಬಂದಿದೆ. ಅದು ಸಿಕ್ ಕಿಣ್ವವನ್ನು ಕಟ್ಟಿಹಾಕುತ್ತದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆ ಚಿಕಿತ್ಸೆ ಸಾಲದ, ದೀರ್ಘಕಾಲದ ಐಟಿಪಿ ಇರುವ ದೊಡ್ಡವರಿಗೆ ಮಾತ್ರ. ಶುರುವಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಡುತ್ತಾರೆ, ಹೆದರಬೇಡಿ. ಆದರೆ ತಲೆನೋವು, ಮೈಕೈನೋವು ಅಂತ ಡಾಕ್ಟರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬೇಡಿ. ಅವು ಉಳಿದಿರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ.