ಪಶ್ಚಿಮದ ಬಿಸಿಲಿಗೆ ಹುಲ್ಲೋ, ಮರವೋ?

ಪ್ರಶ್ನೆ: ಅಕ್ಕಾ, ಹೋದ ವರ್ಷ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದೆವು. ಮನೆ ಪಶ್ಚಿಮಕ್ಕೆ ಮುಖ. ಮುಂದೆ ಕಾಂಪೌಂಡ್ ತನಕ 16 ಅಡಿ ಜಾಗ ಇದೆ. ಎರೆ ಮಣ್ಣು. ಬೇಸಿಗೆಯಲ್ಲಿ ಮಧ್ಯಾಹ್ನ ಮೂರಾದ ಮೇಲೆ ಹಾಲ್‌ನಲ್ಲಿ ಕೂರಲು ಆಗುವುದಿಲ್ಲ, ಗೋಡೆ ಅಷ್ಟು ಕಾದಿರುತ್ತದೆ. ನಮ್ಮ ಯಜಮಾನರು ಅಲ್ಲೊಂದು ಬೇವಿನ ಮರ ಇರಲಿ ಅನ್ನುತ್ತಾರೆ. ಮಗಳು ಪುಣೆಯಲ್ಲಿ ಒಂದು ಆಫೀಸಿನ ಮುಂದೆ ಫೌಂಟನ್ ಹುಲ್ಲು ಅನ್ನುವ ಅಂದದ ಹುಲ್ಲು ನೋಡಿ ಬಂದಿದ್ದಾಳೆ. ಅದನ್ನೇ ಸಾಲಾಗಿ ಹಾಕೋಣ, ಮರ ಬಂದರೆ ಕಸ ಜಾಸ್ತಿ ಅನ್ನುತ್ತಾಳೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಿಕ್ಕು, ಅಳತೆ, ಮಣ್ಣು ಮೂರನ್ನೂ ಬರೆದಿದ್ದೀರಿ, ತುಂಬಾ ಸಂತೋಷ. ಇವು ಗೊತ್ತಿಲ್ಲದೆ ಗಿಡದ ಹೆಸರು ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಿಮಗೆ ಬೇಕಿರುವುದು ನೆರಳು. ಹಾಗಾಗಿ ಮರ ಹಾಕಿ, ಆದರೆ ಬೇವು ಬೇಡ. ಹುಲ್ಲೂ ಇರಲಿ, ಆದರೆ ಮಗಳು ನೋಡಿ ಬಂದ ಹುಲ್ಲು ಬೇಡ.

ಬಿಸಿಲಿನ ಲೆಕ್ಕ ಮೊದಲು ನೋಡೋಣ. ಗೋಡೆಯಿಂದ 12 ಅಡಿ ದೂರದಲ್ಲಿ 15 ಅಡಿ ಎತ್ತರದ ಮರ ಇದೆ ಅಂದುಕೊಳ್ಳಿ. ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಅದರ ನೆರಳು ನಿಮ್ಮ ಗೋಡೆಯ ಮೇಲೆ ಸುಮಾರು 5 ಅಡಿ ಏರುತ್ತದೆ. ಐದು ಗಂಟೆಗೆ 9 ಅಡಿ. ಅಷ್ಟರಲ್ಲಿ ಕಿಟಕಿ ಪೂರ್ತಿ ನೆರಳಿಗೆ ಬಂದಿರುತ್ತದೆ. ಫೌಂಟನ್ ಹುಲ್ಲು ಬೆಳೆಯುವುದು 3-4 ಅಡಿ. ಗೋಡೆಯಿಂದ ಮೂರೇ ಅಡಿಗೆ ನೆಟ್ಟರೂ ಐದು ಗಂಟೆಗೆ ಅದರ ನೆರಳು ಗೋಡೆಯ ಬುಡದ ಎರಡೂವರೆ ಅಡಿಗೆ ನಿಲ್ಲುತ್ತದೆ. ಕಿಟಕಿಗೆ ಏನೂ ಸಿಗುವುದಿಲ್ಲ.

ಮರ ನೆಡುವ ಜಾಗದಲ್ಲೂ ಒಂದು ಸೂಕ್ಷ್ಮ ಇದೆ. ಮೇ ಮೊದಲ ವಾರದಲ್ಲಿ ನಿಮ್ಮೂರಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ. ಸಂಜೆಯ ಬಿಸಿಲು ನೇರ ಪಶ್ಚಿಮದಿಂದ ಬರುವುದಿಲ್ಲ, ಸ್ವಲ್ಪ ಉತ್ತರಕ್ಕೆ ವಾಲಿಕೊಂಡು ಬರುತ್ತದೆ. ಅದಕ್ಕೇ ಸಸಿಯನ್ನು ಕಿಟಕಿಯ ಎದುರಿಗೆ ಸರಿಯಾಗಿ ನೆಡಬೇಡಿ. ಬಾಗಿಲಲ್ಲಿ ನಿಂತು ಹೊರಗೆ ನೋಡಿದರೆ ಬಲಗೈ ಕಡೆ ಎರಡು ಅಡಿ ಸರಿಸಿ ನೆಡಿ.

ಇನ್ನು ಬೇವು. ಯಜಮಾನರ ಆಸೆ ಸರಿಯಾದದ್ದೇ. ಎರೆ ನೆಲದಲ್ಲಿ ಬೇವು ಚೆನ್ನಾಗಿ ಬರುತ್ತದೆ, ಯುಗಾದಿ ಹೊತ್ತಿಗೆ ಚಿಗುರಿ ಬೇಸಿಗೆ ಪೂರ್ತಿ ನೆರಳು ಕೊಡುತ್ತದೆ. ಆದರೆ ಅದು 50-60 ಅಡಿ ಬೆಳೆಯುವ ಮರ. ನಿಮ್ಮದು 16 ಅಡಿ ಜಾಗ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ದೊಡ್ಡ ಮರ ಪಾಯದ ಪಕ್ಕದ ಮಣ್ಣಿನಿಂದ ನೀರು ಎಳೆದರೆ ಆ ಒಂದು ಬದಿಯ ನೆಲ ಮಾತ್ರ ಜಾಸ್ತಿ ಕುಗ್ಗುತ್ತದೆ. ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುವುದು ಆಗ. ಬೇರು ಪಾಯವನ್ನು ಒಡೆಯುತ್ತದೆ ಅಂತ ಜನ ಹೆದರುತ್ತಾರೆ. ಎರೆ ನೆಲದಲ್ಲಿ ಹೆದರಬೇಕಾದ್ದು ಬೇರು ಎಳೆದುಕೊಳ್ಳುವ ನೀರಿಗೆ. ಇಂಥ ನೆಲದಲ್ಲಿ ಬೇವಿಗೆ ಪಾಯದಿಂದ 30 ಅಡಿಯಾದರೂ ದೂರ ಬೇಕು ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಹೊಲ ಇದ್ದರೆ ಬದುವಿನಲ್ಲಿ ಒಂದು ಬೇವು ನೆಡಿ, ಅವರಿಗೂ ಸಮಾಧಾನವಾಗುತ್ತದೆ.

ಆಮೇಲೆ ಕಡಿದರಾಯಿತು ಅಂದುಕೊಂಡು ಮನೆ ಮುಂದೆ ದೊಡ್ಡ ಮರ ನೆಡಬೇಡಿ. ಊರೊಳಗೆ ನಮ್ಮದೇ ಅಂಗಳದ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಪಡೆಯಬೇಕು. ಅದು ಒಳ್ಳೆಯ ಕಾನೂನು. ಮೂವತ್ತು ವರ್ಷ ಬೆಳೆದ ಮರವನ್ನು ಸುಮ್ನೆ ಕೆಡವುವಂತೆ ಇರಬಾರದು ಅಲ್ವಾ?

ಹಾಗಾದರೆ ಯಾವ ಮರ? ಪಾರಿಜಾತ ಚಿಕ್ಕದು, ಹಾಕಬಹುದೇ ಅಂತ ಬಹಳ ಜನ ಕೇಳುತ್ತಾರೆ. ಹೂವಿಗೆ ಹಾಕಿ, ನೆರಳಿಗೆ ಬೇಡ. ನಮಗೆ ನೆರಳು ಬೇಕಾದ ಬೇಸಿಗೆಯಲ್ಲೇ ಅದು ಎಲೆ ಉದುರಿಸಿಕೊಂಡು ನಿಂತಿರುತ್ತದೆ. ಬಸವನಪಾದದ್ದೂ ಅದೇ ಕಥೆ. ನಿಮ್ಮ ಜಾಗಕ್ಕೆ ನಾನು ಹೇಳುವುದು ಪೇರಲ. ವರ್ಷಪೂರ್ತಿ ಎಲೆ ಇರುತ್ತದೆ. ಎರೆ ಮಣ್ಣನ್ನೂ ತಡೆದುಕೊಳ್ಳುತ್ತದೆ. ಮೂರು-ನಾಲ್ಕು ವರ್ಷಕ್ಕೆ ಆಳೆತ್ತರ ಮೀರಿ ಬೆಳೆದು ಹಣ್ಣೂ ಕೊಡುತ್ತದೆ. ಕತ್ತರಿ ಹಾಕಿದಷ್ಟೂ ಚಿಗುರುತ್ತದೆ, ಹಾಗಾಗಿ 15 ಅಡಿಯಲ್ಲಿ ಹಿಡಿದಿಡುವುದು ಸುಲಭ. ತಳಿಗಳಲ್ಲಿ ಅಲಹಾಬಾದ್ ಸಫೇದ ತೆಗೆದುಕೊಳ್ಳಿ, ಅದು ಮೇಲಕ್ಕೆ ಬೆಳೆಯುತ್ತದೆ. ಸರ್ದಾರ್ ಅಥವಾ ಎಲ್-49 ಅನ್ನುವ ತಳಿಯ ಹಣ್ಣು ತುಂಬಾ ರುಚಿ, ಆದರೆ ಅದು ಅಗಲಕ್ಕೆ ಹರಡುತ್ತದೆ. ನಿಮ್ಮ ಓಡಾಟಕ್ಕೆ ಅಡ್ಡ ಬರುತ್ತದೆ.

ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ನೆಡಿ. ಗೋಡೆಯಿಂದ 12 ಅಡಿ, ಕಾಂಪೌಂಡಿನಿಂದ 4 ಅಡಿ. ಎರಡು ಅಡಿ ಆಳ, ಎರಡು ಅಡಿ ಅಗಲದ ಗುಂಡಿ ಸಾಕು. ತೆಗೆದ ಮಣ್ಣಿಗೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ. ಬುಡವನ್ನು ಅಕ್ಕಪಕ್ಕದ ನೆಲಕ್ಕಿಂತ ಅರ್ಧ ಅಡಿ ಏರಿಸಿ. ಎರೆ ನೆಲದಲ್ಲಿ ಸಣ್ಣ ಸಸಿಗಳು ಹೆಚ್ಚಾಗಿ ಸಾಯುವುದು ಬುಡದಲ್ಲಿ ನೀರು ನಿಂತು. ಗೂಟಿ ಸಸಿ, ಅಂದರೆ ಮರದ ಕೊಂಬೆಯಲ್ಲೇ ಬೇರು ಬರಿಸಿ ಬೇರ್ಪಡಿಸಿದ ಸಸಿ ತಂದಿದ್ದರೆ ಅದಕ್ಕೆ ತಾಯಿಬೇರು ಇರುವುದಿಲ್ಲ, ಮೊದಲ ಎರಡು ವರ್ಷ ಕೋಲು ಕಟ್ಟಿಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತಪ್ಪದೆ ನೀರು ಕೊಡಿ. ಮಣ್ಣು ಒಂದೇ ಹದದಲ್ಲಿದ್ದರೆ ಗಿಡಕ್ಕೂ ಒಳ್ಳೆಯದು, ಪಾಯಕ್ಕೂ ಒಳ್ಳೆಯದು.

ಈಗ ಮಗಳ ಹುಲ್ಲು. ಅವಳ ಕಣ್ಣು ಚೆನ್ನಾಗಿದೆ. ಗಾಳಿಗೆ ಬಾಗುವ ಹುಲ್ಲಿನ ಸಾಲು ನನಗೂ ಬಹಳ ಇಷ್ಟ. ಮೂರು ಮಳೆ ಬಿದ್ದರೆ ತುಂಬಿಕೊಳ್ಳುತ್ತದೆ, ಮರಕ್ಕೆ ಆ ಗುಣ ಇಲ್ಲ. ಆದರೆ ಹಸಿರು ಫೌಂಟನ್ ಹುಲ್ಲು ಆಫ್ರಿಕಾ ಕಡೆಯದು, ಅದರ ಬೀಜ ಗಾಳಿಯಲ್ಲಿ ಹಾರುತ್ತದೆ. ಹವಾಯಿ ದ್ವೀಪಗಳಿಗೆ ಅದನ್ನು ಅಂದಕ್ಕೆ ಅಂತಲೇ ತಂದರು. ತೋಟ ದಾಟಿ ಒಣ ನೆಲದಲ್ಲೆಲ್ಲ ಹರಡಿತು. ಒಣಗಿ ಬೆಂಕಿಗೆ ಸಿಕ್ಕಿ, ಅಲ್ಲಿನ ಗಿಡಮರ ಸುಟ್ಟ ಜಾಗದಲ್ಲಿ ಮತ್ತೆ ತಾನೇ ಮೊದಲು ಚಿಗುರುತ್ತದೆ. ನಮ್ಮ ಬಯಲುಸೀಮೆಯೂ ಒಣ ನೆಲವೇ. ಅದಕ್ಕೇ ನನ್ನ ನರ್ಸರಿಯಲ್ಲಿ ಅದನ್ನು ಇಡುವುದಿಲ್ಲ, ಯಾರು ಎಷ್ಟು ಕೇಳಿದರೂ ಇಡುವುದಿಲ್ಲ. ನೇರಳೆ ಎಲೆಯ ಬಗೆ ಬೀಜ ಕಟ್ಟುವುದು ತೀರಾ ಕಡಿಮೆ. ಅದೇ ಬೇಕು ಅಂತ ಮಗಳು ಹಟ ಹಿಡಿದರೆ ಎರಡು ಕುಂಡದಲ್ಲಿ ಇರಲಿ.

ಸಾಲಿಗೆ ಲಾವಂಚ ಹಾಕಿ. ನಮ್ಮದೇ ಹುಲ್ಲು. ನಾಲ್ಕೈದು ಅಡಿ ಎತ್ತರಕ್ಕೆ ನೆಟ್ಟಗೆ ಬರುತ್ತದೆ, ತುದಿಯಲ್ಲಿ ಬಾಗುತ್ತದೆ, ಕಂದು-ನೇರಳೆ ತೆನೆ ಬಿಡುತ್ತದೆ. ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, 10 ಅಡಿ ತನಕವೂ ಹೋಗುತ್ತದೆ. ಗುಂಡ್ಲುಪೇಟೆ ಕಡೆ ರೈತರು ಹೊಲದ ಬದುವಿಗೆ ಅದನ್ನು ಹಿಂದಿನಿಂದಲೂ ನೆಡುತ್ತಾರೆ. ಮಣ್ಣು ಕೊಚ್ಚಿ ಹೋಗದೆ ನಿಲ್ಲುತ್ತದೆ, ಪಕ್ಕದ ಬೆಳೆಗೂ ತೊಂದರೆ ಇಲ್ಲ. ಕಾಂಪೌಂಡಿನ ಉದ್ದಕ್ಕೂ ಎರಡೆರಡು ಅಡಿಗೆ ಒಂದು ಬುಡ ಇಡಿ. ಪೇರಲದ ಬುಡದ ಸುತ್ತ ಮೂರು ಅಡಿ ಖಾಲಿ ಬಿಡಿ.

ಕಸದ ಮಾತು ಅಂದಳಲ್ಲ ಮಗಳು. ಹುಲ್ಲಿಗೂ ಕಸ ಇದೆ. ಶಿವರಾತ್ರಿ ಹೊತ್ತಿಗೆ ನೆಲದಿಂದ ಒಂದು ಅಡಿ ಬಿಟ್ಟು ಪೂರ್ತಿ ಕೊಯ್ಯಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಮನೆ ಪಕ್ಕ ಒಣ ಹುಲ್ಲಿನ ರಾಶಿ ನಿಂತಿರುತ್ತದೆ. ಕೊಯ್ದದ್ದನ್ನು ಎಸೆಯಬೇಡಿ. ಪೇರಲದ ಬುಡಕ್ಕೆ ಹೊದಿಸಿ, ಎರೆ ಮಣ್ಣಿನ ಬಿರುಕು ಕಡಿಮೆಯಾಗುತ್ತದೆ. ಮರದ ಕಡೆಯಿಂದ ಬರುವ ನಿಜವಾದ ಕೆಲಸ ಮಳೆಗಾಲದ್ದು. ಉದುರಿದ ಹಣ್ಣನ್ನು ದಿನಾ ಎತ್ತಿ ಆಳವಾಗಿ ಹೂಳಬೇಕು, ಬಿಟ್ಟರೆ ಹಣ್ಣಿನ ನೊಣ ಹೆಚ್ಚಾಗುತ್ತದೆ.

ಮರ ದೊಡ್ಡದಾದಂತೆ ಅದರ ಕೆಳಗಿನ ಲಾವಂಚ ಬಡವಾಗುತ್ತದೆ. ಅದಕ್ಕೆ ತೆರೆದ ಬಿಸಿಲೇ ಬೇಕು. ಆಗ ಆ ಬುಡಗಳನ್ನು ಕಿತ್ತು, ಸೀಳಿ, ಗೇಟಿನ ಕಡೆ ನೆಡಿ.

ಪ್ರಶ್ನೆ: ಬೆಂಗಳೂರಿನಲ್ಲಿ 30x40 ಸೈಟು. ಹಿಂದಿನ ಮನೆಯ ಬಾಲ್ಕನಿ ಕಾಣದಂತೆ ಮರೆ ಬೇಕು. ಇರುವುದು ಮೂರು ಅಡಿ ಜಾಗ. ಬಿದಿರು ಹಾಕಲೇ, ಉದ್ದನೆಯ ಅಶೋಕ ಹಾಕಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆಯೂ ಹುಲ್ಲು-ಮರದ್ದೇ. ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ಹೊಸ ಕಳಲೆ ಕೆಲವೇ ತಿಂಗಳಲ್ಲಿ ತನ್ನ ಪೂರ್ತಿ ಎತ್ತರ ಮುಟ್ಟುತ್ತದೆ, ಆಮೇಲೆ ಆ ಗಳ ದಪ್ಪವಾಗುವುದಿಲ್ಲ. ಮರೆ ಬೇಗ ಬೇಕಾದವರಿಗೆ ಇದೇ ಅನುಕೂಲ. ಆದರೆ ಮೆಳೆ ವರ್ಷವರ್ಷವೂ ಅಗಲವಾಗುತ್ತದೆ. ಅಶೋಕ ಸಣಕಲಾಗಿ ಬೆಳೆದರೂ ಕೊನೆಗೆ ಎರಡು ಮಹಡಿ ಮೀರುವ ಮರ, ಮೂರು ಅಡಿ ಜಾಗದಲ್ಲಿ ಅದಕ್ಕೂ ಕಷ್ಟ, ನಿಮಗೂ ಕಷ್ಟ. ಸಣ್ಣ ಎಲೆಯ ಪೊದೆ ಬಿದಿರನ್ನು ತಳದಲ್ಲಿ ತೂತಿರುವ ಸಿಮೆಂಟ್ ತೊಟ್ಟಿಗಳಲ್ಲಿ ಸಾಲಾಗಿ ಬೆಳೆಸಿ. ತೊಟ್ಟಿಯ ಕೆಳಗೆ ಇಟ್ಟಿಗೆ ಇಡಿ. ಮೂರು ವರ್ಷಕ್ಕೊಮ್ಮೆ ಹಳೆಯ ಗಳಗಳನ್ನು ಬುಡಕ್ಕೇ ಕಡಿದು, ಹೊಸದಕ್ಕೆ ಜಾಗ ಮಾಡಿ ಕೊಡಿ.